ಹುಲಿ ಕಾಣದಿದ್ದರೂ ಊಟ ಸರಿಯಾಗಿರಬೇಕು
ಕಾಡಂಚಿನ ಐಷಾರಾಮಿ ಸಫಾರಿ ಲಾಡ್ಜುಗಳು ನಡೆಯುವ ಬಗೆ: ಸದಸ್ಯರ ಮಾಹಿತಿಗಾಗಿ

ಪಟಾನ್‌ಚೆರು, ರಾಮಚಂದ್ರಾಪುರಂ, ಸಂಗಾರೆಡ್ಡಿ ಹೆದ್ದಾರಿಯ ಉದ್ದಕ್ಕೂ ಹೋಟೆಲ್ ಮತ್ತು ಕ್ಯಾಂಟೀನ್ ನಡೆಸುತ್ತಿರುವ ನಮ್ಮ ಸದಸ್ಯರಲ್ಲಿ ಈಚೆಗೆ ಒಂದು ಹೊಸ ಮಾತು ಕೇಳಿಬರುತ್ತಿದೆ. ಮಕ್ಕಳು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದಿದ್ದಾರೆ. ಇಡ್ಲಿ, ದೋಸೆ, ಪ್ಲೇಟ್ ಮೀಲ್ಸ್‌ನಲ್ಲಿ ಅವರಿಗೆ ಮನಸ್ಸಿಲ್ಲ. "ಊರಿನ ಕಡೆ ಕಾಡಿನ ಪಕ್ಕ ನಾಲ್ಕು ಎಕರೆ ತೆಗೆದುಕೊಂಡು ರೆಸಾರ್ಟ್ ಮಾಡೋಣ, ಒಂದು ಕೋಣೆಗೆ ದಿನಕ್ಕೆ ಇಪ್ಪತ್ತು ಸಾವಿರ ಬರುತ್ತದೆ" ಎನ್ನುತ್ತಾರೆ. ಮೂವತ್ತು ನಲವತ್ತು ವರ್ಷ ಗಲ್ಲಾದಲ್ಲಿ ಕುಳಿತು ಕೂಡಿಟ್ಟ ಹಣವನ್ನು ಹಾಕುವ ಮಾತು ಇದು. ಆದ್ದರಿಂದ ಈ ವ್ಯವಹಾರ ಹೇಗೆ ನಡೆಯುತ್ತದೆ, ಲಾಭ ಎಲ್ಲಿದೆ, ಗಂಡಾಂತರ ಎಲ್ಲಿದೆ ಎಂಬುದನ್ನು ಸದಸ್ಯರ ಮುಂದಿಡುವುದು ಅಗತ್ಯವೆನಿಸಿತು. 2025ರ ಬೇಸಿಗೆಯಲ್ಲಿ ನಾವು ಕೆಲವರು ಸೇರಿ ಕಬಿನಿ ದಂಡೆಯ ಒಂದು ಖಾಸಗಿ ಲಾಡ್ಜಿನಲ್ಲಿ ಎರಡು ರಾತ್ರಿ ತಂಗಿ, ಅಡುಗೆಮನೆಯವರೆಗೂ ಹೋಗಿ ನೋಡಿ ಬಂದೆವು. ಅಲ್ಲಿ ಕಂಡದ್ದನ್ನೂ ಈ ಉದ್ಯಮದ ಹಿನ್ನೆಲೆಯನ್ನೂ ಸೇರಿಸಿ ಇಲ್ಲಿ ಬರೆದಿದ್ದೇವೆ.

ಆಫ್ರಿಕಾದ ಮಾದರಿ

ಸಫಾರಿ ಎಂಬುದು ಪೂರ್ವ ಆಫ್ರಿಕಾದ ಸ್ವಾಹಿಲಿ ಮಾತು. ಮೂಲ ಅರಬಿಯದು. ನಮ್ಮ ಹೈದರಾಬಾದಿನ ಗಿರಾಕಿಗಳು ದಿನವೂ ಆಡುವ 'ಸಫರ್' ಎಂಬ ಮಾತಿಗೆ ಇದು ನೆಂಟ. ಅರ್ಥ, ಪ್ರಯಾಣ. ಮೊದಲು ಬೇಟೆಯ ಪ್ರಯಾಣಕ್ಕೆ ಈ ಹೆಸರಿತ್ತು. ಈಗ ಜೀಪಿನಲ್ಲಿ ಕುಳಿತು ಪ್ರಾಣಿ ನೋಡುವುದಕ್ಕೆ ನಿಂತಿದೆ.

ಐಷಾರಾಮಿ ಸಫಾರಿ ಲಾಡ್ಜ್ ಎಂದೊಡನೆ ಜಗತ್ತು ನೋಡುವುದು ದಕ್ಷಿಣ ಆಫ್ರಿಕಾದ ಕಡೆಗೆ. ಅಲ್ಲಿ ಕ್ರುಗರ್ ರಾಷ್ಟ್ರೀಯ ಉದ್ಯಾನದ ಪಕ್ಕದಲ್ಲಿ ಸಾಬಿ ಸ್ಯಾಂಡ್ ಎಂಬ ಸುಮಾರು 65,000 ಹೆಕ್ಟೇರಿನ ಖಾಸಗಿ ಮೀಸಲು ಪ್ರದೇಶವಿದೆ. ಮಾಲಾಮಾಲಾ, ಲಂಡಲೋಝಿ ಮುಂತಾದ ಹೆಸರಾಂತ ಲಾಡ್ಜುಗಳು ಇರುವುದು ಈ ಭಾಗದಲ್ಲೇ. ಒಂದು ಕಾಲದಲ್ಲಿ ಇವು ಬೇಟೆಯ ಎಸ್ಟೇಟುಗಳು. ಜಮೀನಿನ ಮಾಲೀಕರು ಬೇಟೆ ಬಿಟ್ಟು, ಪ್ರಾಣಿಯನ್ನು ಬದುಕಿಸಿ ತೋರಿಸಿದರೆ ಹೆಚ್ಚು ಹುಟ್ಟುತ್ತದೆ ಎಂದು ಕಂಡುಕೊಂಡರು. 1993ರಲ್ಲಿ ಕ್ರುಗರ್‌ಗೂ ಸಾಬಿ ಸ್ಯಾಂಡ್‌ಗೂ ನಡುವಿನ ಬೇಲಿ ತೆಗೆದರು. ಅಂದಿನಿಂದ ಪ್ರಾಣಿಗಳು ಎರಡೂ ಕಡೆ ಓಡಾಡುತ್ತವೆ.

ಅಲ್ಲಿಯ ವಿಶೇಷವೆಂದರೆ ಭೂಮಿ ಲಾಡ್ಜಿನವರದ್ದೇ. ಎಷ್ಟು ಜೀಪು, ಎಷ್ಟು ಹೊತ್ತು, ಯಾವ ದಾರಿ ಎಂಬುದನ್ನು ಅವರೇ ತಮ್ಮೊಳಗೆ ಗೊತ್ತುಮಾಡಿಕೊಳ್ಳುತ್ತಾರೆ. ದಾರಿ ಬಿಟ್ಟು ಪೊದೆಯೊಳಗೆ ಜೀಪು ಇಳಿಸಬಹುದು, ಕತ್ತಲಾದ ಮೇಲೂ ದೀಪ ಹಿಡಿದು ಸುತ್ತಬಹುದು. ಜೀಪಿನ ಮುಂದೆ ಕಟ್ಟಿದ ಸಣ್ಣ ಆಸನದಲ್ಲಿ ಹೆಜ್ಜೆ ಗುರುತು ಓದುವವನೊಬ್ಬ ಕುಳಿತಿರುತ್ತಾನೆ. ಬಂದ ಅತಿಥಿಗೆ ಪ್ರಾಣಿ ಕಾಣಿಸುವ ಸಂಭವವನ್ನು ಹೀಗೆ ಅವರೇ ಹೆಚ್ಚಿಸಿಕೊಳ್ಳುತ್ತಾರೆ. ದರ ಹೆಚ್ಚಿರುವುದು ಇದಕ್ಕೇ.

ನಮ್ಮಲ್ಲಿ ಕಾಡು ಸರ್ಕಾರದ್ದು

ಭಾರತದಲ್ಲಿ ಈ ಮಾದರಿ ನಡೆಯುವುದಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಸಂರಕ್ಷಿತ ಪ್ರದೇಶ ಎಲ್ಲವೂ ಅರಣ್ಯ ಇಲಾಖೆಯ ಅಧೀನ. ಕೊಡಗಿನಲ್ಲಿ 1991ರಿಂದ ಜಮೀನು ಕೊಂಡು ಕಾಡು ಬೆಳೆಸಿದ ಪಮೇಲಾ ಮತ್ತು ಅನಿಲ್ ಮಲ್ಹೋತ್ರಾ ದಂಪತಿಯ 'ಸಾಯಿ ಸ್ಯಾಂಕ್ಚುರಿ'ಯಂತಹ ಖಾಸಗಿ ಪ್ರಯತ್ನ ಇದೆ. ಆದರೆ ಅದು ಸಂರಕ್ಷಣೆಯ ಕೆಲಸ, ಜೀಪು ಓಡಿಸುವ ವ್ಯಾಪಾರವಲ್ಲ.

ಹಾಗಾದರೆ ಕಬಿನಿ, ಬಂಡೀಪುರದ ಖಾಸಗಿ ರೆಸಾರ್ಟುಗಳು ಮಾರುವುದೇನು? ಕಾಡಿನ ಹೊರಗಿನ ಕೋಣೆ, ಊಟ, ಉಪಚಾರ. ಸಫಾರಿ ಅವರ ಕೈಯಲ್ಲಿಲ್ಲ. ಕಬಿನಿ ಭಾಗದಲ್ಲಿ ಖಾಸಗಿ ರೆಸಾರ್ಟಿನ ಅತಿಥಿಗಳೂ ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್‌ನ ವಾಹನದಲ್ಲೇ ಕಾಡಿಗೆ ಹೋಗಬೇಕು. ವಾಹನಗಳಿಗೆ ಮಿತಿ ಇದೆ, ದಾರಿ ಬಿಡುವಂತಿಲ್ಲ, ಕತ್ತಲಾಗುವ ಮೊದಲು ಹೊರಬರಬೇಕು. 2012ರ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯಂತೆ ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರ ಇರಬೇಕು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಹೋಟೆಲ್ ನಮ್ಮದು, ಆದರೆ ಗಿರಾಕಿ ಯಾವ ತಿಂಡಿಗಾಗಿ ಬಂದನೋ ಆ ತಿಂಡಿ ಬೇರೊಬ್ಬರ ಒಲೆಯಲ್ಲಿ ಬೇಯುತ್ತದೆ. ಆ ಒಲೆ ಯಾವಾಗ ಆರುತ್ತದೆಂದು ನಮಗೆ ಗೊತ್ತಿರುವುದಿಲ್ಲ.

ಕಬಿನಿಯಲ್ಲಿ ಶುರುವಾದ ಬಗೆ

ಕಾಕನಕೋಟೆಯ ಕಾಡು ಮೈಸೂರು ಅರಸರ ಕಾಲದಲ್ಲಿ ಖೆಡ್ಡಾಕ್ಕೆ ಹೆಸರಾಗಿತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು. ನಾಗರಹೊಳೆ ಮತ್ತು ಬಂಡೀಪುರದ ನಡುವೆ ಹಿನ್ನೀರು ಹರಡಿಕೊಂಡಿತು. ಬೇಸಿಗೆಯಲ್ಲಿ ನೀರು ಇಳಿದಂತೆ ದಂಡೆಯಲ್ಲಿ ಹುಲ್ಲು ಚಿಗುರುತ್ತದೆ, ಸುತ್ತಲ ಕಾಡಿನ ಆನೆಗಳು ಹಿಂಡು ಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. ಇದೇ ಸಮಯಕ್ಕೆ ಮಕ್ಕಳ ಬೇಸಿಗೆ ರಜೆಯೂ ಬರುವುದು ಲಾಡ್ಜಿನವರ ಭಾಗ್ಯ.

1980ರಲ್ಲಿ ಕರ್ನಾಟಕ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯೊಡನೆ ಸೇರಿ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಸ್ಥಾಪಿಸಿತು. ಕಾರಾಪುರದಲ್ಲಿದ್ದ ಮಹಾರಾಜರ ಬೇಟೆಯ ಬಂಗಲೆ ಕಬಿನಿ ರಿವರ್ ಲಾಡ್ಜ್ ಆಯಿತು. ಅದನ್ನು ಬೆಳೆಸಿದವರು ಕರ್ನಲ್ ಜಾನ್ ವೇಕ್‌ಫೀಲ್ಡ್. ಗಯಾದಲ್ಲಿ ಹುಟ್ಟಿದ ಈ 'ಪಾಪಾ' ವೇಕ್‌ಫೀಲ್ಡ್ 2010ರಲ್ಲಿ ತೀರಿಕೊಳ್ಳುವವರೆಗೂ ಕಬಿನಿಯನ್ನೇ ಮನೆ ಮಾಡಿಕೊಂಡಿದ್ದರು. 1987ರಲ್ಲಿ ಟೈಗರ್ ಟಾಪ್ಸ್ ಹೊರಬಂದು ಸಂಸ್ಥೆ ಪೂರ್ತಿ ಸರ್ಕಾರದ್ದಾಯಿತು. ಖಾಸಗಿಯವರು ಬಂದದ್ದು ನಂತರ. 2007ರಲ್ಲಿ ಆರೆಂಜ್ ಕೌಂಟಿ, ಅಂದರೆ ಇಂದಿನ ಇವಾಲ್ವ್ ಬ್ಯಾಕ್, ಕಬಿನಿ ದಂಡೆಯಲ್ಲಿ ಹಾಡಿಯ ಗುಡಿಸಲುಗಳ ಮಾದರಿಯಲ್ಲಿ ರೆಸಾರ್ಟ್ ತೆರೆಯಿತು. ಮಧ್ಯಪ್ರದೇಶದಲ್ಲಿ ತಾಜ್ ಸಂಸ್ಥೆ ಆಫ್ರಿಕಾದ ಲಾಡ್ಜ್ ಕಂಪನಿಯೊಂದರ ಜೊತೆ ಕೈಜೋಡಿಸಿ 2006ರಲ್ಲಿ ಬಾಂಧವಗಡದ ಮಹುವಾ ಕೋಠಿ ಆರಂಭಿಸಿತ್ತು.

ದಿನಚರಿ: ಇದು ಹೋಟೆಲಲ್ಲ, ಶಿಫ್ಟ್ ಕ್ಯಾಂಟೀನ್

ಈಗ ನಮಗೆ ಸಂಬಂಧಪಟ್ಟ ವಿಷಯ. ಲಾಡ್ಜಿನ ಅಡುಗೆಮನೆ ನೋಡಿದಾಗ ನಮಗೆ ನೆನಪಾದದ್ದು ಸ್ಟಾರ್ ಹೋಟೆಲಲ್ಲ, ಪಟಾನ್‌ಚೆರು ಕೈಗಾರಿಕಾ ಪ್ರದೇಶದಲ್ಲಿ ನಾವು ನಡೆಸುವ ಫ್ಯಾಕ್ಟರಿ ಕ್ಯಾಂಟೀನು. ಅಲ್ಲಿ ಸೈರನ್ ಕೂಗಿದಾಗ ನೂರಾರು ಜನ ಒಟ್ಟಿಗೆ ಬರುತ್ತಾರೆ. ಇಲ್ಲಿ ಸೈರನ್ ಜಾಗದಲ್ಲಿ ಸಫಾರಿ ಜೀಪು.

ಬೆಳಗಿನ ಜಾವ ಐದೂವರೆಗೆ ಕೋಣೆಯ ಬಾಗಿಲು ತಟ್ಟುತ್ತಾರೆ. ಕಾಫಿ, ಟೀ, ಜೊತೆಗೆ ನಾಲ್ಕು ಬಿಸ್ಕತ್ತು. ಆರೂವರೆಯ ಹೊತ್ತಿಗೆ ಜೀಪು ಕಾಡಿನ ಗೇಟು ದಾಟಿರುತ್ತದೆ. ಒಂಬತ್ತೂವರೆಗೆ ಎಲ್ಲರೂ ಒಟ್ಟಿಗೆ ಹಸಿದು ಬರುತ್ತಾರೆ, ಹತ್ತು ನಿಮಿಷದಲ್ಲಿ ತಿಂಡಿ ತಟ್ಟೆಗೆ ಬೀಳಬೇಕು. ಒಂದು ಗಂಟೆಯಿಂದ ಊಟ. ಮೂರು ಗಂಟೆಗೆ ಚಹಾ, ಬೋಂಡಾ ಅಥವಾ ಕೇಕು. ಮತ್ತೆ ಸಫಾರಿ. ಆರೂವರೆ ಏಳಕ್ಕೆ ವಾಪಸು. ಒಂದು ವನ್ಯಜೀವಿ ಚಿತ್ರ, ಬೆಂಕಿಯ ಸುತ್ತ ಮಾತುಕತೆ, ಎಂಟರ ಮೇಲೆ ರಾತ್ರಿ ಊಟ. ಹತ್ತಕ್ಕೆ ದೀಪ ಆರುತ್ತದೆ.

ಇಲ್ಲಿ ಮೆನು ಕಾರ್ಡು ಇಲ್ಲ. ಇವತ್ತು ಎಷ್ಟು ತಲೆ ಎಂಬುದು ಹಿಂದಿನ ದಿನವೇ ಗೊತ್ತು. ಕೋಣೆ ಕಾದಿರಿಸುವಾಗಲೇ ಸಸ್ಯಾಹಾರಿಯೋ, ಜೈನರೋ, ಈರುಳ್ಳಿ ಬೆಳ್ಳುಳ್ಳಿ ಬೇಡವೋ, ಸಕ್ಕರೆ ಕಾಯಿಲೆ ಇದೆಯೋ, ಕಡಲೆಕಾಯಿ ಒಗ್ಗದೋ ಎಂದು ಕೇಳಿ ಬರೆದುಕೊಂಡಿರುತ್ತಾರೆ. ಆ ಹಾಳೆ ಅಡುಗೆಮನೆಯ ಗೋಡೆಯ ಮೇಲೆ ತೂಗುತ್ತಿರುತ್ತದೆ. ಆರ್ಡರ್ ಇಲ್ಲದೆ ಅಂದಾಜಿನ ಮೇಲೆ ಹಿಟ್ಟು ರುಬ್ಬಿ, ರಾತ್ರಿ ಉಳಿದದ್ದನ್ನು ನೋಡಿ ಸಂಕಟಪಡುವ ನಮಗೆ ಇದೊಂದು ದೊಡ್ಡ ಅನುಕೂಲವಾಗಿ ಕಂಡಿತು.

ಆದರೆ ಅನನುಕೂಲವೂ ಅಷ್ಟೇ ಇದೆ. ಕೊತ್ತಂಬರಿ ಮುಗಿದರೆ ಹುಡುಗನನ್ನು ಪಕ್ಕದ ಅಂಗಡಿಗೆ ಓಡಿಸಲು ಅಂಗಡಿಯೇ ಇಲ್ಲ. ಕಾರಾಪುರ ಮೈಸೂರಿನಿಂದ ಸುಮಾರು 70 ಕಿ.ಮೀ. ತರಕಾರಿ, ಹಾಲು, ಮೀನು ಎಲ್ಲವೂ ಹೆಗ್ಗಡದೇವನಕೋಟೆಯಿಂದಲೋ ಮೈಸೂರಿನಿಂದಲೋ ದಿನದ ಗಾಡಿಯಲ್ಲಿ ಬರಬೇಕು. ಕರೆಂಟು ಹೋದರೆ ಕೋಲ್ಡ್ ಸ್ಟೋರೇಜಿಗೆ ಜನರೇಟರ್ ಆಗಲೇಬೇಕು. ಗ್ಯಾಸ್ ಸಿಲಿಂಡರ್ ವಾರಕ್ಕೆ ಆಗುವಷ್ಟು ಇಟ್ಟುಕೊಂಡಿರಬೇಕು.

ಕೆಲಸಗಾರರ ಮಾತು ಬೇರೆಯೇ. ಹೆದ್ದಾರಿ ಹೋಟೆಲಿನಲ್ಲಿ ಸಪ್ಲೈಯರ್ ರಾತ್ರಿ ತನ್ನ ಕೋಣೆಗೆ ಹೋಗುತ್ತಾನೆ. ಇಲ್ಲಿ ಕತ್ತಲಾದ ಮೇಲೆ ಆನೆ ಅಡ್ಡಾಡುವ ದಾರಿಯಲ್ಲಿ ನಡೆದು ಹೋಗುವಂತಿಲ್ಲ. ಅವರಿಗೆ ವಸತಿ, ಮೂರು ಹೊತ್ತಿನ ಊಟ ಲಾಡ್ಜಿನದೇ. ಅತಿಥಿ ಇಲ್ಲದ ದಿನವೂ ಸಿಬ್ಬಂದಿಯ ಒಲೆ ಉರಿಯುತ್ತದೆ. ನಾವು ಹೋದ ಲಾಡ್ಜಿನಲ್ಲಿ ಹೌಸ್‌ಕೀಪಿಂಗ್ ಮತ್ತು ತೋಟದ ಕೆಲಸಕ್ಕೆ ಸುತ್ತಲಿನ ಹಳ್ಳಿಯವರೇ ಹೆಚ್ಚು. ಅತಿಥಿಗಳ ಜೊತೆ ಮಾತಾಡಿ ಪ್ರಾಣಿ ಪಕ್ಷಿ ವಿವರಿಸುವ ನ್ಯಾಚುರಲಿಸ್ಟ್‌ಗೆ ಒಳ್ಳೆಯ ಸಂಬಳ. ಅತಿಥಿ ಮತ್ತೆ ಬರುವನೋ ಇಲ್ಲವೋ ಎಂಬುದು ಅಡುಗೆಯವರು ಮತ್ತು ಇವರ ಕೈಯಲ್ಲಿದೆ ಎಂದು ಅಲ್ಲಿಯ ಮ್ಯಾನೇಜರರು ಹೇಳಿದರು.

ಎಂಜಲು ಮತ್ತು ಕಸದ ವಿಷಯದಲ್ಲಿ ನಾವು ಕಲಿಯುವುದು ಬಹಳ ಇದೆ. ನಮ್ಮಲ್ಲಿ ಹಿತ್ತಿಲ ಡಬ್ಬಕ್ಕೆ ಬೀದಿನಾಯಿ ಬರುತ್ತದೆ. ಅಲ್ಲಿ ಮಂಗ, ಕಾಡುಹಂದಿ, ಕೆಲವೊಮ್ಮೆ ಆನೆಯೇ ಬಂದೀತು. ಹಲಸು, ಬಾಳೆ, ಉಪ್ಪಿನ ವಾಸನೆಗೆ ಆನೆ ಗೋಡೆ ಕೆಡವುತ್ತದೆ. ಹಾಗಾಗಿ ದಿನಸಿ ಕೋಣೆಗೆ ಗಟ್ಟಿ ಗೋಡೆ, ಕಬ್ಬಿಣದ ಬಾಗಿಲು. ಎಂಜಲು ಒಂದು ಗಂಟೆಯೂ ಹೊರಗೆ ಇರುವಂತಿಲ್ಲ, ಮುಚ್ಚಿದ ಗೊಬ್ಬರ ಗುಂಡಿಗೆ ಹೋಗಬೇಕು. ಪ್ಲಾಸ್ಟಿಕ್ ಬಾಟಲಿ ಇಲ್ಲ, ಶುದ್ಧ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಇಡುತ್ತಾರೆ.

ಊಟದ ರುಚಿಯ ಬಗ್ಗೆ ಎರಡು ಮಾತು. ಬಫೆಯಲ್ಲಿ ಪಾಸ್ತಾ, ಪನೀರ್ ಎಲ್ಲ ಇತ್ತು. ಆದರೆ ಜನ ಸಾಲುಗಟ್ಟಿದ್ದು ರಾಗಿಮುದ್ದೆ, ಸೊಪ್ಪಿನ ಸಾರು, ಬಿಸಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಮುಂದೆ. ಅಕ್ಕಿರೊಟ್ಟಿಯನ್ನು ಒಬ್ಬ ಹೆಂಗಸು ಅತಿಥಿಗಳ ಎದುರೇ ತಟ್ಟಿ ಕೊಡುತ್ತಿದ್ದರು. ಇದಕ್ಕೆ ವಿದೇಶದ ಶೆಫ್ ಬೇಕಿಲ್ಲ. 1972ರಿಂದ ಇಕ್ರಿಸ್ಯಾಟ್ ಇರುವ ಊರು ನಮ್ಮದು. ಪರದೇಶದ ವಿಜ್ಞಾನಿಗಳಿಗೆ ಖಾರ ಇಳಿಸಿ ಸಾಂಬಾರ್ ಬಡಿಸಿ ನಮ್ಮ ಹಿರಿಯ ಸದಸ್ಯರಿಗೆ ಅಭ್ಯಾಸವಿದೆ.

ದರದ ಲೆಕ್ಕ

ಸಫಾರಿ ಲಾಡ್ಜಿನಲ್ಲಿ ದರ ಸಾಮಾನ್ಯವಾಗಿ ಕೋಣೆಗಲ್ಲ, ತಲೆಗೆ. ಕೋಣೆ, ಎಲ್ಲ ಹೊತ್ತಿನ ಊಟ, ಸಫಾರಿ ಅದರಲ್ಲೇ ಸೇರಿರುತ್ತವೆ. ಹೊರಗಿನಿಂದ ನೋಡುವವರಿಗೆ ಆ ಮೊತ್ತ ಪೂರ್ತಿ ಲಾಭದಂತೆ ಕಾಣುತ್ತದೆ. ತಿಳಿಯಲು ಒಂದು ಉದಾಹರಣೆ ಹಾಕಿ ನೋಡೋಣ. ಅಂಕಿಗಳು ನಾವು ಲೆಕ್ಕಕ್ಕಾಗಿ ಇಟ್ಟುಕೊಂಡವು.

20 ಕೋಣೆಗಳ ಲಾಡ್ಜ್, 40 ಅತಿಥಿಗಳಿಗೆ ಜಾಗ. ತಲೆಗೆ ದಿನಕ್ಕೆ 10,000 ರೂ. ದರ ಎನ್ನೋಣ. ಇದರಲ್ಲಿ ಊಟದ ಸಾಮಾನು, ಸಫಾರಿ ಮತ್ತು ಅರಣ್ಯ ಶುಲ್ಕ, ಬುಕಿಂಗ್ ಕಮಿಷನ್, ಲಾಂಡ್ರಿ ಎಲ್ಲ ಕಳೆದು 5,000 ರೂ. ಕೈಗೆ ಉಳಿಯಿತು. ಸಂಬಳ, ಬ್ಯಾಂಕ್ ಕಂತು, ಡೀಸೆಲ್, ದುರಸ್ತಿ ಸೇರಿ ತಿಂಗಳ ಸ್ಥಿರ ಖರ್ಚು 30 ಲಕ್ಷ ಎಂದಿಟ್ಟುಕೊಂಡರೆ, ಅಸಲು ಹುಟ್ಟಲು ತಿಂಗಳಿಗೆ 600 ತಲೆ ಬೇಕು. ಅಂದರೆ ದಿನಕ್ಕೆ ಸರಾಸರಿ 20. ಅರ್ಧ ಲಾಡ್ಜು ವರ್ಷವಿಡೀ ತುಂಬಿರಬೇಕು. ಶುಕ್ರವಾರ ಶನಿವಾರದ ಎಂಟು ರಾತ್ರಿ ಪೂರ್ತಿ ತುಂಬಿದರೆ 320 ತಲೆ ಆಯಿತು. ಉಳಿದ 22 ರಾತ್ರಿಗಳಲ್ಲಿ ರಾತ್ರಿಗೆ ಹದಿಮೂರು ಜನರಾದರೂ ಬರಬೇಕು. ಸೋಮವಾರ, ಮಂಗಳವಾರ, ಮಳೆಗಾಲ, ಪರೀಕ್ಷೆಯ ತಿಂಗಳು ಎಲ್ಲ ಇದರಲ್ಲೇ ಬಂತು. ಲಾಭದ ಮಾತು ಶುರುವಾಗುವುದು ಇದಾದ ಮೇಲೆ. ತೆರಿಗೆಯನ್ನೂ ಮರೆಯಬಾರದು. ಕೋಣೆಯ ದಿನದ ದರ 7,500 ರೂ. ದಾಟಿದರೆ ಜಿ.ಎಸ್.ಟಿ. ಶೇ. 18.

ಒಂದು ಆದೇಶ, ಖಾಲಿ ಲಾಡ್ಜು

2012ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹುಲಿ ಸಂರಕ್ಷಿತ ಪ್ರದೇಶಗಳ ಒಳವಲಯದಲ್ಲಿ ಪ್ರವಾಸೋದ್ಯಮವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಮಾರ್ಗಸೂಚಿಗಳು ಬಂದ ಮೇಲೆ ಅಕ್ಟೋಬರಿನಲ್ಲಿ ತೆರವಾಯಿತು. ಅದೇ ವರ್ಷ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಪ್ರಕಟವಾಗಿ, ಹೊಸ ಕಟ್ಟಡಗಳಿಗೆ ಬಿಗಿ ಬಂತು. 2020ರ ಕೊರೋನಾ ಕಾಲವನ್ನು ನಾವ್ಯಾರೂ ಮರೆತಿಲ್ಲ.

2025ರ ನವೆಂಬರಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಸರಗೂರು ತಾಲ್ಲೂಕಿನಲ್ಲಿ ಹೊಲಕ್ಕೆ ಹೋದ ರೈತರು ಹುಲಿ ದಾಳಿಗೆ ಬಲಿಯಾದರು. ಸಫಾರಿ ವಾಹನಗಳ ಗದ್ದಲದಿಂದಲೇ ಪ್ರಾಣಿಗಳು ಊರ ಕಡೆ ಬರುತ್ತಿವೆ ಎಂದು ರೈತರು ಪ್ರತಿಭಟಿಸಿದರು. ರಾಜ್ಯದ ಅರಣ್ಯ ಸಚಿವರು ನಾಗರಹೊಳೆ ಮತ್ತು ಬಂಡೀಪುರದಲ್ಲಿ ಸಫಾರಿ ನಿಲ್ಲಿಸಲು ಆದೇಶಿಸಿ, ಸಿಬ್ಬಂದಿಯನ್ನು ಹುಲಿ ಹಿಡಿಯುವ ಕಾರ್ಯಾಚರಣೆಗೆ ಕಳುಹಿಸಿದರು. ರಜೆಯ ದಿನಗಳು ಎದುರಿಗಿದ್ದಾಗಲೇ ಲಾಡ್ಜುಗಳ ಮುಖ್ಯ ಆಕರ್ಷಣೆ ಇಲ್ಲವಾಯಿತು.

ಇಲ್ಲಿ ಸರ್ಕಾರವನ್ನಾಗಲಿ ರೈತರನ್ನಾಗಲಿ ದೂರುವುದು ನಮ್ಮ ಉದ್ದೇಶವಲ್ಲ. ಹೊಲಕ್ಕೆ ಹೋದ ಯಜಮಾನ ಮನೆಗೆ ಬಾರದಿದ್ದರೆ ಆ ಮನೆಯವರಿಗೆ ನಮ್ಮ ಕೋಣೆ ತುಂಬಿತೋ ಇಲ್ಲವೋ ಎಂಬುದು ಮುಖ್ಯವಲ್ಲ. ಸುತ್ತಲ ಹಳ್ಳಿಗೆ ಲಾಡ್ಜಿನಿಂದ ಕೆಲಸ, ಹಾಲು ತರಕಾರಿಗೆ ಬೆಲೆ ಸಿಕ್ಕಿದ್ದರೆ ಅವರೂ ಲಾಡ್ಜು ಉಳಿಯಲಿ ಎನ್ನುತ್ತಾರೆ. ಸಿಕ್ಕದಿದ್ದರೆ ಧೂಳೆಬ್ಬಿಸಿ ಹೋಗುವ ಜೀಪು ಮಾತ್ರ ಅವರ ಪಾಲಿಗೆ. ಬಂಡವಾಳ ಹೂಡುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸದಸ್ಯರಿಗೆ ನಮ್ಮ ಸೂಚನೆಗಳು

1. ಕಾಡಿನ ಪಕ್ಕದ ಜಮೀನಿಗೆ ಮುಂಗಡ ಕೊಡುವ ಮೊದಲು ಅದು ಪರಿಸರ ಸೂಕ್ಷ್ಮ ವಲಯದಲ್ಲಿದೆಯೇ, ಆನೆ ದಾರಿಯಲ್ಲಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಲಿಖಿತವಾಗಿ ವಿಚಾರಿಸಿ. ದಲ್ಲಾಳಿಯ ಬಾಯಿಮಾತು ಸಾಲದು. ಕೃಷಿ ಜಮೀನಾದರೆ ಭೂಪರಿವರ್ತನೆ ಆಗುತ್ತದೆಯೇ ನೋಡಿ.

2. "ಸಫಾರಿ ಒಂದು ವರ್ಷ ಇಲ್ಲದಿದ್ದರೆ ನನ್ನ ಲಾಡ್ಜಿಗೆ ಜನ ಏಕೆ ಬರಬೇಕು?" ಎಂಬ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಮುಂದುವರಿಯಬೇಡಿ. ಊಟ, ಹಕ್ಕಿ ನೋಡುವ ನಡಿಗೆ, ತೆಪ್ಪ, ತೋಟ, ಓದುವ ಕೋಣೆ, ಇವುಗಳಿಗಾಗಿಯೇ ಬರುವ ಗಿರಾಕಿ ಬೇಕು.

3. ಆರು ತಿಂಗಳ ಸಂಬಳ ಮತ್ತು ಕಂತಿನ ಹಣ ಬೇರೆ ತೆಗೆದಿಡದೆ ಬಾಗಿಲು ತೆರೆಯಬೇಡಿ. ಇರುವ ಹೋಟೆಲನ್ನು ಅಡವಿಟ್ಟು ಲಾಡ್ಜು ಕಟ್ಟುವುದು ಬೇಡ. ಹೊಸದು ಮುಳುಗಿದರೆ ಹಳೆಯದೂ ಹೋಗುತ್ತದೆ.

4. ಮಗ ಅಥವಾ ಮಗಳಿಗೆ ಈ ಕ್ಷೇತ್ರದಲ್ಲಿ ನಿಜವಾದ ಆಸಕ್ತಿ ಇದ್ದರೆ, ಮೊದಲು ಎರಡು ವರ್ಷ ಯಾವುದಾದರೂ ಲಾಡ್ಜಿನಲ್ಲಿ ಕೆಲಸಕ್ಕೆ ಕಳುಹಿಸಿ. ಒಂದು ಮಳೆಗಾಲ ಅಲ್ಲಿ ಕಳೆದರೆ ಇನ್ನೂ ಒಳ್ಳೆಯದು.

5. ಕಟ್ಟಡವಿಲ್ಲದೆಯೂ ಈ ವ್ಯವಹಾರಕ್ಕೆ ಪ್ರವೇಶವಿದೆ. ಸಣ್ಣ ಲಾಡ್ಜುಗಳು ಒಳ್ಳೆಯ ಅಡುಗೆಯವರಿಗಾಗಿ ಪರದಾಡುತ್ತವೆ. ತಲೆ ಲೆಕ್ಕದ ಅಡುಗೆ ನಮಗೆ ಕರಗತ. ಅಡುಗೆಮನೆಯನ್ನು ಗುತ್ತಿಗೆಗೆ ಹಿಡಿಯುವುದು, ಅಡುಗೆಯವರ ತಂಡವನ್ನು ಕಳುಹಿಸುವುದು ನಮ್ಮ ಕೈಲಾಗುವ ಕೆಲಸ.

ನಮಗೆ ಹತ್ತಿರದ ಜಾಗವೂ ಇದೆ. ಇಲ್ಲಿಂದ ಜಹೀರಾಬಾದ್ ದಾಟಿ ಸುಮಾರು 100 ಕಿ.ಮೀ. ಹೋದರೆ ಬೀದರ್. ಅಲ್ಲಿ ವಿಲಾಸಪುರ ಕೆರೆಯ ಹತ್ತಿರ ಜಂಗಲ್ ಲಾಡ್ಜಸ್ ಸಂಸ್ಥೆ ಕೃಷ್ಣಮೃಗದ ಹೆಸರಿನಲ್ಲೇ ಬ್ಲ್ಯಾಕ್‌ಬಕ್ ರೆಸಾರ್ಟ್ ಕಟ್ಟಿತು. ಹುಲಿ, ಆನೆ ಇಲ್ಲದ ಬಯಲು ಸೀಮೆ ಅದು. ಕೆರೆ, ಹಕ್ಕಿ, ಹೊಲದ ನಡುವೆ ಹಾರುವ ಕೃಷ್ಣಮೃಗ, ಬೀದರ್ ಕೋಟೆ, ಜೋಳದ ರೊಟ್ಟಿ ಇವೇ ಅಲ್ಲಿಯ ಬಂಡವಾಳ. ಸಂಗಾರೆಡ್ಡಿಯ ಬಳಿ ಮೊಸಳೆ ಮತ್ತು ಹಕ್ಕಿಗಳ ಮಂಜೀರಾ ಅಭಯಾರಣ್ಯ ನಮ್ಮ ಮನೆಬಾಗಿಲಲ್ಲೇ ಇದೆ. ರೆಸಾರ್ಟಿನ ಕನಸಿರುವ ಸದಸ್ಯರು ಕಬಿನಿಗೆ ಓಡುವ ಮೊದಲು ಮಕ್ಕಳೊಡನೆ ಈ ಎರಡು ಜಾಗಕ್ಕೆ ಹೋಗಿ, ಹೈದರಾಬಾದಿನಿಂದ ವಾರದ ನಡುವೆ ಯಾರು ಬರುತ್ತಾರೆ, ಏನು ಕೇಳುತ್ತಾರೆ ಎಂದು ನೋಡಿ ಬರಲಿ.

ಲಾಡ್ಜು ಕಟ್ಟುವ ಯೋಚನೆ ಇಲ್ಲದವರೂ ನಾಳೆಯಿಂದಲೇ ಮಾಡಬಹುದಾದವು ಮೂರಿವೆ: ಪಾರ್ಟಿ ಆರ್ಡರ್ ಹಿಡಿಯುವಾಗ ಯಾರಿಗೆ ಏನು ಒಗ್ಗದು ಎಂದು ಬರೆದುಕೊಳ್ಳುವುದು, ಎಂಜಲನ್ನು ಮುಚ್ಚಿಡುವುದು, ನಮ್ಮ ಊರಿನ ಒಂದು ತಿಂಡಿಯನ್ನು ಗಿರಾಕಿಯ ಎದುರೇ ಬಿಸಿಯಾಗಿ ಮಾಡಿ ಕೊಡುವುದು. ಇದಕ್ಕೆ ಬ್ಯಾಂಕ್ ಸಾಲ ಬೇಕಿಲ್ಲ. ಈ ವಿಷಯದಲ್ಲಿ ಅನುಭವವಿರುವ ಸದಸ್ಯರು ಮುಂದಿನ ಮಾಸಿಕ ಸಭೆಯಲ್ಲಿ ತಮ್ಮ ಅಭಿಪ್ರಾಯ ಹಂಚಿಕೊಳ್ಳಬೇಕೆಂದು ಕೋರುತ್ತೇವೆ.